ಎಡಮಗ್ಗುಲಿನ ಸಪ್ಪಳ

ಮಾವನ ಜೀಪು ನನಗೆ ಬಂದದ್ದು ಹಕ್ಕಿನಿಂದಲ್ಲ, ಬೇರೆ ಯಾರಿಗೂ ಅದು ಬೇಡವಾಗಿತ್ತು ಎಂದು. ಮಾವ ಅಂದರೆ ನನ್ನ ಸೋದರತ್ತೆಯ ಗಂಡ. ಹೊಳಗುಂದದ ಆಚೆ ಕಲ್ಲುಗುಡ್ಡದ ಮೇಲೆ ಒಂದು ಸಣ್ಣ ಊರು, ಅಲ್ಲಿ ಅವರ ಮನೆ. ಕೆಳಗೆ ಬಯಲಿನಲ್ಲಿ ಜೋಳ, ಶೇಂಗಾ ಬೆಳೆಯುವ ಹೊಲ. ಎರಡು ವರ್ಷದ ಹಿಂದೆ ಮಾವ ತೀರಿಕೊಂಡಾಗ ಅವರ ತಮ್ಮ ಜೀಪನ್ನು ಗುಜರಿಗೆ ಹಾಕೋಣ ಅಂದ. ಅತ್ತೆ ಅವನ ಮಾತು ಕಿವಿಗೇ ಹಾಕಿಕೊಳ್ಳದೆ ನನ್ನ ಕಡೆ ತಿರುಗಿ, "ನೀ ಒಯ್ಯವ್ವ ಇದನ್ನ. ಸೋಮವಾರಕ್ಕೊಮ್ಮೆ ಬಂದು ಹೋಗು, ಅಷ್ಟ ಸಾಕು" ಅಂದಳು.

ಆದೋನಿಯಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ಹಳ್ಳಿ ಸುತ್ತಿ ಹತ್ತಿ ನೋಡಿ ಬರುವ ಕೆಲಸ ನನ್ನದು. ಮನೆಯ ಕಾರು ಆ ದಾರಿಗಳನ್ನು ಕಂಡರೇ ಕೆಮ್ಮುತ್ತದೆ, ಹಾಗಾಗಿ ಜೀಪು ಒದಗಿತು. "ನಮ್ಮಕ್ಕ ಮುದಿ ಎತ್ತು ಹೊಡಕೊಂಡು ಬಂದಾಳ" ಎಂದು ನನ್ನ ತಮ್ಮ ಓಣಿಗೆಲ್ಲ ಕೇಳುವಂತೆ ನಕ್ಕ. ನಗಲಿ ಬಿಡಿ. ಅವನ ಕಾರು ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಕೂತಾಗ ಎಳೆದು ತಂದದ್ದು ಇದೇ ಮುದಿ ಎತ್ತು.

ಅತ್ತೆಯ ಊರಿಗೆ ಹತ್ತುವ ದಾರಿಯಲ್ಲಿ ಒಂದು ಜಾಗವಿದೆ. ಬಲಕ್ಕೆ ಹಳ್ಳದ ಕೊರಕಲು, ಎಡಕ್ಕೆ ಮೊಣಕಾಲೆತ್ತರಕ್ಕೆ ಎದ್ದ ಬಂಡೆಯ ಅಂಚು. ಮಾವನ ಕಾಲದಲ್ಲಿ ಜೀಪಿನ ಎಡಬಾಗಿಲಿನ ಕೆಳಗಿನ ತಗಡು ಆ ಅಂಚಿಗೆ ಉಜ್ಜಿಕೊಂಡೇ ಮುಂದೆ ಹೋಗುತ್ತಿತ್ತು. ಕರ್ರ್ ಎಂದು ಹಲ್ಲು ಜುಮ್ಮೆನ್ನುವ ಸಪ್ಪಳ ಮೇಲಿನ ಊರಿಗೆಲ್ಲ ಕೇಳುತ್ತಿತ್ತು. ಆ ಸಪ್ಪಳ ಕೇಳಿದ ಕೂಡಲೇ ಅತ್ತೆ ಒಲೆಯ ಮೇಲೆ ಹಂಚು ಇಡುವಳು. ಜೀಪು ಸುತ್ತು ಹಾಕಿ ಮೇಲೆ ಬಂದು ನಿಲ್ಲುವಷ್ಟರಲ್ಲಿ ಮೊದಲ ರೊಟ್ಟಿ ಉಬ್ಬಿರುತ್ತಿತ್ತು. ಬಂಡೆ ಒಡೆಸಿಬಿಡು ಎಂದು ಊರವರು ಎಷ್ಟೋ ಸಲ ಹೇಳಿದರು. ಮಾವ ಒಪ್ಪಲಿಲ್ಲ. "ಆ ಕಲ್ಲು ಒಡದ್ರ ನನಗ ತಣ್ಣನ ರೊಟ್ಟೀನ ಗತಿ" ಎನ್ನುತ್ತಿದ್ದರು.

ಜೀಪು ನನ್ನ ಕೈಗೆ ಬಂದ ಮೇಲೆ ನಾನು ಆ ಬಂಡೆಯನ್ನು ತಪ್ಪಿಸಲು ನೋಡಿದೆ. ಕೆಳಗಿಳಿದು ಅಳೆದೆ: ಗಾಲಿ ಎಲ್ಲಿ ಇಟ್ಟರೆ ಅಂಚಿಗೂ ತಗಡಿಗೂ ನಡುವೆ ಒಂದು ಗೇಣು ಉಳಿಯುತ್ತದೆ ಎಂದು ಕಲ್ಲಿಟ್ಟು ಗುರುತು ಮಾಡಿದೆ. ಗುರುತಿನ ಮೇಲೇ ಗಾಲಿ ಬಿಟ್ಟೆ. ಆದರೂ ಕರ್ರ್ ಎಂದಿತು. ಅಲ್ಲಿಗೆ ಬಂದಾಗ ಮಾತ್ರ ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು, ಪಕ್ಕದಲ್ಲಿ ಕೂತವರು ಒಂದು ಕೈ ಹಾಕಿದ ಹಾಗೆ. ಆದೋನಿಯ ಮೆಕ್ಯಾನಿಕ್ ಎಲ್ಲ ಬಿಚ್ಚಿ ನೋಡಿ, "ಸ್ಟೇರಿಂಗ್‌ನ್ಯಾಗ ಏನೂ ಇಲ್ಲಕ್ಕ" ಅಂದ. ನಾನು ಅವನ ಮೇಲೆಯೇ ಸಿಟ್ಟಾದೆ. ಸಿಟ್ಟು ನಮ್ಮ ಮನೆತನದ ಆಸ್ತಿ, ಅದರಲ್ಲಿ ನನ್ನ ಪಾಲು ತುಸು ಹೆಚ್ಚೇ ಬಂದಿದೆ.

ಆಮೇಲೆ ತಪ್ಪಿಸುವ ಹುಚ್ಚು ಬಿಟ್ಟೆ. ಅದಕ್ಕೆ ಕಾರಣ ಅತ್ತೆಯ ಓರಗಿತ್ತಿ. ಮಾವನ ತಮ್ಮನ ಸಂಸಾರ ಅದೇ ಅಂಗಳದ ಆ ಕಡೆ ಇದೆ, ಕುರಿಹಟ್ಟಿಯ ಪಕ್ಕಕ್ಕೆ. ಒಂದು ಸೋಮವಾರ ಆಕೆ ನನ್ನನ್ನು ಹಟ್ಟಿಯ ಹಿಂದೆ ಕರೆದು, "ನಿಮ್ಮತ್ತಿ ಸೊರಗ್ಯಾಳ, ನೋಡೀಯೇನವ್ವ? ನೀ ಬರೋ ದಿನ ಬಿಟ್ರ ಆ ಮನ್ಯಾಗ ಹೊಗಿ ಏಳಂಗಿಲ್ಲ. ಕರದ್ರ ಉಣ್ಣಾಕ ಬರಂಗಿಲ್ಲ. ನಾ ಕೊಟ್ಟ ಅಂಬಲಿ ಎರಡು ಗುಟುಕು ಕುಡದು ಮಲಗ್ತಾಳ" ಅಂದಳು.

ನೋಡಿದ್ದೆ. ಬಳೆಗಳು ಮೊಣಕೈತನಕ ಸರಿಯುತ್ತಿದ್ದವು. ಸೋಮವಾರವೂ ಅವಳು ಉಂಡದ್ದನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ಎರಡು ತಾಟು ಹಾಕುವಳು, ಎರಡಕ್ಕೂ ಬಿಸಿ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಬಡಿಸುವಳು. "ನೀನೂ ಕುಂದ್ರತ್ತಿ" ಎಂದರೆ, "ನೀ ಉಣ್ಣು, ನಾ ಆಮ್ಯಾಲೆ" ಎನ್ನುವಳು. ಎರಡನೆಯದು ಅವಳ ತಾಟು ಎಂದೇ ನಾನು ತಿಳಿದಿದ್ದೆ. ಹೇಗೂ ಇರಲಿ, ಆ ಸಪ್ಪಳಕ್ಕೆ ಅವಳು ಒಲೆಯಾದರೂ ಹಚ್ಚುತ್ತಾಳಲ್ಲ, ಒಲೆ ಹಚ್ಚಿದವಳು ಒಂದು ತುತ್ತು ತಿಂದಾಳು ಎಂದು ಸಮಾಧಾನ ಮಾಡಿಕೊಂಡು ಬಂಡೆಗೆ ಉಜ್ಜುತ್ತಲೇ ಹೋದೆ.

ಉಜ್ಜಿ ಉಜ್ಜಿ ಈ ಬೇಸಿಗೆಗೆ ತಗಡು ಹರಿಯಿತು. ಎಡಬಾಗಿಲು ಹಾಕಲು ಬರದಂತಾಯಿತು. ಮೆಕ್ಯಾನಿಕ್ ಕೆಳಗೆ ಮಲಗಿ ನೋಡಿ ಎದ್ದು, "ತುಕ್ಕು ತಿಂದುಬಿಟ್ಟೈತಕ್ಕ. ತೇಪಿ ಹಾಕಿ ಕೊಡ್ತೀನಿ, ಆದ್ರ ಇನ್ನೊಂದು ಏಟು ಬಿದ್ರ ಬಾಗಿಲಿನ ಚೌಕಟ್ಟೇ ಕೈಗೆ ಬರ್ತೈತಿ. ರಾಕ್ ಸ್ಲೈಡರ್ ಹಾಕಿಸ್ರಿ" ಅಂದ. ಬಾಗಿಲುಗಳ ಕೆಳಗೆ ಉದ್ದಕ್ಕೆ ಕೂಡಿಸುವ ದಪ್ಪ ಕಬ್ಬಿಣದ ದಂಡ ಅದು. ಕಲ್ಲಿನ ಏಟನ್ನು ತಾನು ತಿಂದು ಗಾಡಿಯನ್ನು ಜಾರಿಸಿಕೊಂಡು ಹೋಗುತ್ತದೆ. ಜೀಪು ಅವನ ಹತ್ತಿರವೇ ಉಳಿಯಿತು.

ನಡುವೆ ಸೋಮವಾರ ಬಂತು. ಬಸ್ಸಿನಲ್ಲಿ ಹೊಳಗುಂದಕ್ಕೆ ಹೋಗಿ, ಶೇರ್ ಆಟೋದಲ್ಲಿ ಗುಡ್ಡದ ಬುಡಕ್ಕೆ ಇಳಿದು ನಡೆದೆ. ಹೊತ್ತು ಮುಳುಗುತ್ತಿತ್ತು. ಬಂಡೆಯ ಹತ್ತಿರ ದಣಿವಾರಿಸಿಕೊಳ್ಳಲು ನಿಂತೆ. ಅಂಚಿನ ಮೇಲೆ ತಗಡು ಉಜ್ಜಿದ ಬೆಳ್ಳನೆಯ ಗೀರುಗಳು, ಜೀಪಿನ ಹಸಿರು ಬಣ್ಣದ ಪುಡಿ. ಸುಮ್ಮನೆ ಅದರ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ದಿನವೆಲ್ಲ ಬಿಸಿಲುಂಡ ಕಲ್ಲು, ಬೆಚ್ಚಗಿರದೆ ಇನ್ನೇನು ಎಂದು ನನಗೆ ನಾನೇ ಬೈದುಕೊಂಡೆ. ಆದರೂ ಗೀರಿಲ್ಲದ ಕಡೆ ಕೈ ಇಟ್ಟು ನೋಡಿದೆ. ಅಲ್ಲಿ ಕಲ್ಲು ಆಗಲೇ ತಣ್ಣಗಾಗಿತ್ತು. ಅಲ್ಲಿಂದ ಮೇಲಕ್ಕೆ ನಾನು ಹಿಂದೆ ತಿರುಗಿ ನೋಡದೆ ನಡೆದೆ.

ಮನೆಯ ಮೇಲೆ ಹೊಗೆ ಏಳುತ್ತಿತ್ತು. ಒಳಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದಳು, ತಾಟು ಎರಡೂ ಆಗಲೇ ನೆಲದ ಮೇಲಿದ್ದವು.

"ಗಾಡಿ ಎಲ್ಲಿ ನಿಂದರಿಸಿದಿ?" ಅಂದಳು ತಲೆ ಎತ್ತದೆ.

"ಗಾಡಿ ಆದೋನ್ಯಾಗ ಐತತ್ತಿ. ರಿಪೇರಿಗೆ ಬಿಟ್ಟೀನಿ. ನಡಕೊಂಡು ಬಂದೆ."

"ಮತ್ತ ಕೇಳ್ತಲ್ಲ?"

"ಏನು ಕೇಳ್ತು?"

"ಕಲ್ಲಿಗೆ ಉಜ್ಜಿದ್ದು. ಇಲ್ಲಂದ್ರ ನಾ ಯಾಕ ಹಂಚು ಇಡ್ತಿದ್ದೆ?" ಎಂದು ರೊಟ್ಟಿ ತಿರುವಿ ಹಾಕಿದಳು. ಅವಳ ದನಿಯಲ್ಲಿ ಅಚ್ಚರಿಯೇನೂ ಇರಲಿಲ್ಲ. ನಾನು ಅದೇ ದಾರಿಯಲ್ಲಿ ಬಂದವಳು, ನನಗೇನೂ ಕೇಳಿರಲಿಲ್ಲ.

ಉಂಡ ಶಾಸ್ತ್ರ ಮಾಡಿ ಹೊರಗೆ ಬಂದು ಓರಗಿತ್ತಿಯನ್ನು ವಿಚಾರಿಸಿದೆ. "ನನಗೇನೂ ಕೇಳಿಲ್ಲವ್ವ" ಅಂದಳು. "ಆದ್ರ ನಾಯಿ ಎದ್ದು ದಾರೀ ಕಡೆ ಓಡಿ ಹೋತು, ಬಾಲ ಆಡಿಸಿಕೋತ. ಗಾಡಿ ಬಂದಾಗ ಹೋಗ್ತೈತಲ್ಲ, ಹಂಗ" ಅಂದಳು. ಆ ರಾತ್ರಿ ನನ್ನನ್ನು ಕೆಳಗಿನ ಆಟೋತನಕ ಬಿಟ್ಟು ಬಾ ಎಂದು ಆಕೆಯ ಗಂಡನನ್ನು ನಾಚಿಕೆ ಬಿಟ್ಟು ಕೇಳಿದೆ.

ನಾನು ದೆವ್ವ ನಂಬುವವಳಲ್ಲ. ಆದರೆ ಅಂದು ನನಗೆ ಹೆದರಿಕೆಯಾಯಿತು, ಅದೂ ಅತ್ತೆಗಾಗಿ. ವಾರಕ್ಕೊಮ್ಮೆ ನನ್ನ ಗಾಡಿಯ ಸಪ್ಪಳವಾದರೂ ಅವಳನ್ನು ಈ ಕಡೆ ಹಿಡಿದಿತ್ತು. ಅದು ನಿಂತರೆ ಉಳಿಯುವುದು ಆ ಇನ್ನೊಂದು ಸಪ್ಪಳವೇ. ಅನ್ನನೀರು ಬಿಟ್ಟ ಹೆಂಗಸು ಅದನ್ನು ಕೇಳುತ್ತ ಕೇಳುತ್ತ ಒಂದು ದಿನ ಎದ್ದು ಅದರ ಹಿಂದೆ ಹೋದರೆ? ಹಾಗಾಗಿ ಸ್ಲೈಡರ್ ಯಾವುದೇ ಹಾಕಿಸಲಿ, ಅದು ಬಂಡೆಗೆ ಉಜ್ಜಿದಾಗ ಹಳೆಯ ಸಪ್ಪಳವೇ ಬರಬೇಕು ಎಂದು ತೀರ್ಮಾನಿಸಿದೆ.

ಎಮ್ಮಿಗನೂರು ರಸ್ತೆಯಲ್ಲಿ ಒಂದು ವೆಲ್ಡಿಂಗ್ ಶೆಡ್ಡಿದೆ. ಅದರ ಮಾಲೀಕ ಮಾತಿನ ಮಲ್ಲ, ಅರ್ಧ ತೆಲುಗು ಅರ್ಧ ಕನ್ನಡ. ಮೊದಲು ಫಳಫಳ ಹೊಳೆಯುವ ಸ್ಟೀಲ್ ಪೈಪು ತೋರಿಸಿ, "ಚೂಡಂಡಿ ಅಕ್ಕಾ, ಏನ್ ಲುಕ್ ಐತಿ!" ಅಂದ.

"ಇದು ಕಾಲಿಟ್ಟು ಹತ್ತಾಕ ಇರೋ ಫುಟ್‌ಸ್ಟೆಪ್ಪು. ನಾ ಕೇಳಿದ್ದು ಸ್ಲೈಡರ್" ಅಂದೆ. ಬರುವ ಮುಂಚೆ ಮೆಕ್ಯಾನಿಕ್ ನನಗೆ ಪಾಠ ಮಾಡಿ ಕಳಿಸಿದ್ದ: ಫುಟ್‌ಸ್ಟೆಪ್ಪನ್ನು ಗಾಡಿಯ ಮೈತಗಡಿಗೆ ನೇತುಹಾಕಿರುತ್ತಾರೆ, ಕಲ್ಲು ತಗುಲಿದರೆ ತಾನೂ ಮಡಚಿ ಬಾಗಿಲನ್ನೂ ಕೆಡಿಸುತ್ತದೆ, ಸ್ಲೈಡರ್ ಚಾಸಿಗೇ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೇ ಬಿಗಿದಿರಬೇಕು, ಇಡೀ ಜೀಪಿನ ಭಾರ ಅದರ ಮೇಲೆ ಬಿದ್ದರೂ ಬಾಗಬಾರದು.

ಮಾಲೀಕ ದನಿ ಬದಲಿಸಿ ಒಳಗಿಂದ ಎರಡು ತರದ್ದನ್ನು ತಂದ. ಒಂದು ಚೌಕದ್ದು, ಬಹಳ ಗಟ್ಟಿ, ಆದರೆ ಅದರ ಮೂಲೆ ಕಲ್ಲಿಗೆ ಸಿಕ್ಕಿಕೊಳ್ಳಬಹುದು. ಇನ್ನೊಂದು ದುಂಡು ಪೈಪಿನದು, ಕಲ್ಲಿನ ಮೇಲೆ ಸಲೀಸಾಗಿ ಜಾರುತ್ತದೆ. ವೆಲ್ಡಿಂಗ್ ಬೇಡ, ಬೋಲ್ಟ್ ಹಾಕಿದರೆ ನಾಳೆ ಬೇಕಾದಾಗ ಬಿಚ್ಚಬಹುದು ಎಂದು ಅವನೇ ಹೇಳಿದ. ನಾನು ಶೆಡ್ಡಿನ ಮುಂದೆ ಬಿದ್ದಿದ್ದ ಕಲ್ಲೊಂದನ್ನು ಎತ್ತಿಕೊಂಡು ಚೌಕದ್ದನ್ನು ಬಡಿದೆ. ಧಪ್ ಎಂದು ಮೂಕವಾಯಿತು. ದುಂಡನೆಯದನ್ನು ಬಡಿದು ಕಿವಿಗೊಟ್ಟು, ಕಲ್ಲನ್ನು ಅದರುದ್ದಕ್ಕೂ ಉಜ್ಜಿದೆ.

"ಅಕ್ಕಾ, ಇದೇನು ಗಡಿಗೀನಾ, ಬಡದು ನೋಡಾಕ?" ಎಂದು ಅವನು ನಕ್ಕ.

"ಬಡದು ನೋಡದ ಗಡಿಗಿ ತಗೊಂಡಾಕಿ ಮನೀಗೆ ಹೋಗಿ ಅಳ್ತಾಳ" ಅಂದೆ.

"ಸಪ್ಪಳದ ಚಿಂತಿನಾ? ಮ್ಯಾಲೆ ರಬ್ಬರ್ ಪಟ್ಟಿ ಹಾಕಿ ಕೊಡ್ತೀನಿ. ಒಂಚೂರೂ ಸಪ್ಪಳ ಬರಲ್ಲ, ಗ್ಯಾರಂಟಿ."

"ನನಗ ಸಪ್ಪಳ ಬೇಕು."

ಅವನು ರಬ್ಬರ್ ಪಟ್ಟಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದ. ಜೋರು ಸಪ್ಪಳ, ಗುಡ್ಡದ ಮೇಲಿಂದ ಕೇಳಬೇಕು ಅಂದೆ. ಇಂಥ ಗಿರಾಕಿಯನ್ನು ಇವತ್ತೇ ಕಂಡೆ ಎಂದು ತೆಲುಗಿನಲ್ಲಿ ಗೊಣಗುತ್ತ ದುಂಡನೆಯ ಜೋಡಿಯನ್ನು ಪಕ್ಕಕ್ಕೆ ತೆಗೆದಿಟ್ಟ. ಅದರ ಸಪ್ಪಳ ಹಳೆಯದಲ್ಲ. ಹಳೆಯ ತಗಡಿನ ಕರ್ರ್ ಎಲ್ಲಿ, ಈ ಪೈಪಿನ ಗುಂಯ್ ಎಲ್ಲಿ! ಆದರೆ ಇದ್ದುದರಲ್ಲಿ ಅದೇ ದೂರದ ನೆಂಟನಂತಿತ್ತು. ಅದಕ್ಕೇ ಒಪ್ಪಿಕೊಂಡೆ.

ಮುಂದಿನ ಸೋಮವಾರ ಜೀಪು ಹತ್ತಿಸಿದೆ. ಬಂಡೆಯ ಹತ್ತಿರ ಬಂದಾಗ ಸ್ಟೇರಿಂಗ್ ಎಳೆಯಲೇ ಇಲ್ಲ. ಅಲ್ಲಿ ಮೊದಲ ಸಲ ಗಾಡಿ ಪೂರ್ತಿ ನನ್ನ ಕೈಯಲ್ಲಿತ್ತು. ಬೇಕಾಗಿದ್ದರೆ ಒಂದು ಗೇಣು ಬಿಟ್ಟು ಸುಮ್ಮನೆ ಹೋಗಬಹುದಿತ್ತು. ನಾನೇ ಬೇಕೆಂದು ಎಡಕ್ಕೆ ತಿರುಗಿಸಿದೆ. ಗುಂಯ್ ಎಂದು ಸ್ಲೈಡರ್ ಉಜ್ಜಿತು, ಜೀಪಿಗೆ ಏನೂ ಆಗದೆ ಮೆಲ್ಲಗೆ ಜಾರಿ ಮುಂದೆ ಬಂತು. ಪಕ್ಕದ ಸೀಟು ಖಾಲಿ ಇದೆ ಎಂಬುದು ಅಂದು ಯಾಕೋ ಬಹಳ ತಟ್ಟಿತು.

ಮನೆಯ ಮೇಲೆ ಹೊಗೆ ಇರಲಿಲ್ಲ. ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ಇಳಿದು ಹತ್ತಿರ ಹೋದೆ.

"ಬಂದ್ಯಾ ತಂಗಿ. ಹೊಸಾ ಸಪ್ಪಳ ನಿಂದನಾ?"

"ಹೂಂ ಅತ್ತಿ. ಕೇಳ್ತಾ?"

"ಕೇಳ್ತು. ಛಲೋ ಐತಿ."

"ಮತ್ತ ಒಲಿ ಯಾಕ ಹಚ್ಚಿಲ್ಲ?"

"ಹಚ್ತೀನಿ ತಡಿ. ಏನವಸರ?" ಎಂದು ದಾರಿಯ ಕಡೆ ನೋಡಿದಳು.

ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅವಳ ಮೇಲೆ, ಆ ಬಂಡೆಯ ಮೇಲೆ, ತೀರಿಹೋದ ಮಾವನ ಮೇಲೂ ಸಿಟ್ಟು ಬಂತು. "ಅತ್ತಿ, ಮಾವ ಇಲ್ಲ. ಹೋಗಿ ಎರಡು ವರ್ಷ ಆತು. ಹಿಂಗ ಕುಂತ್ರ ನೀನೂ ಉಳಿಯಂಗಿಲ್ಲ" ಎಂದು ಒದರಿದೆ. ಅತ್ತೆ ನೊಂದುಕೊಳ್ಳಲಿಲ್ಲ. ಸುಮ್ಮನಿರು ಎಂದು ಕೈ ಎತ್ತಿದಳು.

ಜೀಪು ಬೇವಿನ ಗಿಡದ ಕೆಳಗೆ ನನ್ನ ಕಣ್ಣೆದುರೇ ನಿಂತಿತ್ತು. ಕೀಲಿಕೈ ನನ್ನ ಮುಷ್ಟಿಯಲ್ಲಿತ್ತು. ಕೆಳಗಿನ ತಿರುವಿನಿಂದ ಸಪ್ಪಳ ಬಂತು. ಕರ್ರ್ ಎಂದು, ಹಲ್ಲು ಜುಮ್ಮೆನ್ನುವ ಹಾಗೆ, ತಗಡು ಕಲ್ಲಿಗೆ ಉಜ್ಜಿದ ಅದೇ ಸಪ್ಪಳ. ಈ ಸಲ ನನಗೂ ಕೇಳಿತು. ಮಲಗಿದ್ದ ನಾಯಿ ಎದ್ದು ಬಾಲ ಆಡಿಸುತ್ತ ದಾರಿಗೆ ಇಳಿಯಿತು. ನಾನು ಅತ್ತೆಯ ಪಕ್ಕಕ್ಕೆ ಸರಿದು ಕಟ್ಟೆಯ ಮೇಲೆ ಕೂತೆ.

ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಇಷ್ಟು ದಿನ ನೀ ಬಂದ್ಯೋ ಅವರು ಬಂದ್ರೋ ತಿಳೀತಿದ್ದಿಲ್ಲ. ಇಬ್ಬರದೂ ಒಂದ ಸಪ್ಪಳ. ಎರಡನೇ ತಾಟು ಹಾಕಿದ್ರೂ ಅವರು ಬಂದು ಉಂಡ್ರೋ ಉಪಾಸ ಉಳದ್ರೋ ಅಂತ ಗೊತ್ತಾಗದ ನನಗ ತುತ್ತು ಇಳೀತಿದ್ದಿಲ್ಲ" ಎಂದು ಒಳಗೆ ನಡೆದಳು.

ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಒಳಗೆ ಹೋದೆ. ಅಂದು ಅವಳು ಮೂರು ತಾಟು ಹಾಕಿದ್ದಳು. ಒಂದರ ಮುಂದೆ ನನ್ನನ್ನು ಕೂಡಿಸಿ, ಗೋಡೆಯ ಕಡೆಯ ತಾಟಿಗೆ ಮೊದಲು ಬಡಿಸಿ, ಆಮೇಲೆ ನನಗೆ ಬಡಿಸಿ, ಕಡೆಗೆ ತಾನೂ ಕೂತಳು. ಗೋಡೆಯ ಕಡೆಗೆ ನಾನು ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಅತ್ತೆಯ ಕೈಯನ್ನೇ ನೋಡುತ್ತಿದ್ದೆ. ಅವಳು ರೊಟ್ಟಿ ಮುರಿದು ಹಿಂಡಿಗೆ ಹಚ್ಚಿ ಬಾಯಿಗಿಟ್ಟುಕೊಂಡಳು, ಅಗಿದಳು, ನುಂಗಿದಳು. ಅದು ಮುಗಿದ ಮೇಲೆ ಎರಡನೆಯ ರೊಟ್ಟಿಗೂ ಕೈ ಹಾಕಿದಳು.