ಮೈತೂಕದ ಚೌಕಾಸಿ

ಕ್ಯಾನ್ಸರ್ ಬಂದವರು ಸಣ್ಣಗಾಗುತ್ತಾರೆ ಎಂದು ಎಲ್ಲರಂತೆ ನಾನೂ ನಂಬಿದ್ದೆ. ಸುಳ್ಳೇಕೆ ಹೇಳಲಿ, ಎಡಗಡೆಯ ಎದೆಯಲ್ಲಿ ಸಿಕ್ಕಿದ ಗಂಟಿಗೆ ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹೆಸರಿಟ್ಟು ಹೇಳಿದ ದಿನ, ಅಳುವಷ್ಟು ಅತ್ತು ಮುಗಿಸಿದ ಮೇಲೆ ನನ್ನ ತಲೆಗೆ ಬಂದ ಮೊದಲ ವಿಚಾರ ಇದು: ಹೋಗಲಿ, ಮದುವೆಯ ರೇಷ್ಮೆ ರವಿಕೆ ಮತ್ತೆ ಹಿಡಿಸಬಹುದು. ವ್ಯಾಪಾರದವಳ ಬುದ್ಧಿ, ಎಂಥ ನಷ್ಟದ ಮಾಲಿನಲ್ಲೂ ಒಂದು ಹಿಡಿ ಲಾಭ ಹುಡುಕದೆ ಬಿಡುವುದಿಲ್ಲ. ಆದರೆ ಈ ವ್ಯಾಪಾರದಲ್ಲಿ ಪೂರ್ತಿ ಮೋಸಹೋದೆ. ಚಿಕಿತ್ಸೆ ಮುಗಿಯುವ ಹೊತ್ತಿಗೆ ಮದುವೆಯ ರವಿಕೆ ಹಾಗಿರಲಿ, ಹಿಂದಿನ ವರ್ಷ ಹೊಲಿಸಿದ್ದರ ತೋಳೇ ಮೊಣಕೈ ದಾಟಲಿಲ್ಲ. ಮೈಯಿಂದ ಒಂದು ಭಾಗ ತೆಗೆದುಹಾಕಿದ್ದರು, ಒಟ್ಟು ತೂಕ ಮಾತ್ರ ಏರಿತ್ತು. ಇಂಥ ಲೆಕ್ಕವನ್ನು ನನ್ನ ಅಂಗಡಿಯಲ್ಲಿ ಯಾರಾದರೂ ತೋರಿಸಿದ್ದರೆ ತಕ್ಕಡಿಯನ್ನೇ ಅನುಮಾನಿಸುತ್ತಿದ್ದೆ.

ಅಂಗಡಿ ಎಂದರೆ ದೊಡ್ಡದೇನಲ್ಲ. ಬೆಳಗೋಡಿನಲ್ಲಿ ಬಸ್ಸು ನಿಲ್ಲುವ ಜಾಗದಿಂದ ಸ್ವಲ್ಪ ಒಳಗೆ, ಮೆಣಸು ಕೊಳ್ಳುವ ಒಂದು ಕೋಣೆ. ನಮ್ಮ ಮನೆಯವರು ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ ಬರೆಯುವ ಕೆಲಸ. ಯಾರಿಗೂ ಎದುರು ಮಾತಾಡಿ ಗೊತ್ತಿಲ್ಲದ ಮನುಷ್ಯ. ಹಾಗಾಗಿ ಮನೆಯ ಪಾಲಿನ ಮಾತನ್ನೆಲ್ಲ ನಾನೇ ಆಡಬೇಕಾಯಿತು. ಮದುವೆಯಾದ ಹೊಸದರಲ್ಲಿ ಹಿತ್ತಿಲಿನ ಬಳ್ಳಿಯ ಮೆಣಸನ್ನು ಸಕಲೇಶಪುರಕ್ಕೆ ಒಯ್ದು ಮಾರುತ್ತಿದ್ದೆ. ಆಮೇಲೆ ಅಕ್ಕಪಕ್ಕದ ಹೆಂಗಸರದ್ದನ್ನೂ ಒಯ್ಯತೊಡಗಿದೆ. ಕೊನೆಗೆ ಒಂದು ತಕ್ಕಡಿ ಕೊಂಡು, ನಾನು ಕೂತಲ್ಲಿಗೇ ಮೆಣಸು ಬರುವ ಹಾಗೆ ಮಾಡಿಕೊಂಡೆ. ಓದಿದ್ದು ಕಡಿಮೆ, ಕಲಿತದ್ದೆಲ್ಲ ಕೈಯಲ್ಲಿದೆ. ಚೀಲದ ಬಾಯಲ್ಲಿರುವ ಮೆಣಸು ಯಾವಾಗಲೂ ಒಣಗಿಯೇ ಇರುತ್ತದೆ. ಮೊಣಕೈವರೆಗೆ ಕೈ ಇಳಿಸಿ ತಳದ ಕಾಳು ತೆಗೆಯಬೇಕು. ಹಲ್ಲಿನಲ್ಲಿ ಕಡಿದರೆ ಟಕ್ ಎನ್ನಬೇಕು. ಮೆತ್ತಗಾದರೆ ತೇವಕ್ಕೆಂದು ತೂಕದಲ್ಲಿ ಕಳೆಯಬೇಕು, ಜೊಳ್ಳಿಗೆಂದು ಕಳೆಯಬೇಕು, ಚೀಲದ್ದನ್ನೂ ಕಳೆಯಬೇಕು. ಎಷ್ಟು ಕಳೆಯಬೇಕು ಎನ್ನುವುದರ ಮೇಲೇ ನಮ್ಮ ಜಗಳವೆಲ್ಲ. ಆ ಜಗಳವೆಂದರೆ ನನಗೆ ಪ್ರಾಣ. ಕಾಯಿಲೆ ನನ್ನಿಂದ ಕೂದಲು ಕಿತ್ತುಕೊಂಡಿತು, ಎದೆ ಕಿತ್ತುಕೊಂಡಿತು, ಅದನ್ನೆಲ್ಲ ಹೇಗೋ ತಡೆದುಕೊಂಡೆ. ಜಗಳವನ್ನೂ ಕಿತ್ತುಕೊಳ್ಳಲು ಹೊರಟಾಗ ಮಾತ್ರ ತಡೆಯಲಾಗಲಿಲ್ಲ. ಅದನ್ನು ಹೇಗೆ ಉಳಿಸಿಕೊಂಡೆ ಎಂದು ಹೇಳಲೆಂದೇ ಕೂತಿದ್ದೇನೆ. ಆದರೆ ಮೊದಲು ತೂಕದ ಮಾತು ಮುಗಿಯಲಿ.

ಕ್ಯಾನ್ಸರಿನ ಇಂಜೆಕ್ಷನ್ ಕೊಡುವಾಗ ಪ್ರತಿ ಸಲವೂ ತೂಗುತ್ತಾರೆ. ಆಳಿನ ಎತ್ತರ, ತೂಕ ನೋಡಿ ಔಷಧಿಯನ್ನು ಅಳೆಯುತ್ತಾರಂತೆ. ಎಷ್ಟೋ ವರ್ಷ ಬೇರೆಯವರ ಮಾಲು ತೂಗಿದವಳು ಮೊದಲ ಸಲ ನಾನೇ ಮಾಲಾಗಿ ತಕ್ಕಡಿ ಹತ್ತಿದೆ. ಮುಳ್ಳು ನಿಂತ ಜಾಗ ನೋಡಿ ಸುಮ್ಮನಿರಲಾಗಲಿಲ್ಲ.

"ಸಿಸ್ಟರ್, ಸೀರೆ ಐತೆ, ಸ್ವೆಟರ್ ಐತೆ. ಚೀಲದ ತೂಕ ಕಳೀರಿ" ಎಂದೆ.

"ಎಂತ ಅಮ್ಮ ನೀವು, ಇಲ್ಲಿಯೂ ಚೌಕಾಸಿ ಮಾಡೂದಾ?" ಎಂದು ಆ ಹುಡುಗಿ ನಕ್ಕು, ಇದ್ದದ್ದನ್ನು ಇದ್ದ ಹಾಗೇ ಬರೆದುಕೊಂಡಳು.

ಮುಂದಿನ ಸಲ ಹೋಗುವಾಗ ಮುಖ ಉಬ್ಬಿತ್ತು, ಕಾಲೂ ಊದಿತ್ತು. ಡಾಕ್ಟರು ಇನ್ನೂ ಎಳೆಯ ಪ್ರಾಯದವರು. ಜೊತೆಗೆ ಕೊಡುವ ಕೆಲವು ಮಾತ್ರೆಯಿಂದ ಮೈಯಲ್ಲಿ ನೀರು ನಿಲ್ಲುತ್ತದೆ, ಹಸಿವೂ ಹೆಚ್ಚುತ್ತದೆ, ಹೆದರಬೇಡಿ ಎಂದರು. "ಹಂಗಾದ್ರೆ ಇದು ತೇವ. ತೇವಕ್ಕೆ ಅಂತ ಕಳೀಬೇಕಲ್ಲ ಸಾರ್?" ಎಂದೆ. ಅವರು ಪೆನ್ನು ಕೆಳಗಿಟ್ಟು ನಮ್ಮ ಮನೆಯವರ ಕಡೆ ತಿರುಗಿ, "ಇವರು ಮನೆಯಲ್ಲೂ ಹೀಗೇನಾ?" ಎಂದು ಕೇಳಿದರು. ಬೆಳಗಿನಿಂದ ಘಟ್ಟ ಇಳಿದು ಬರುವವರೆಗೂ ಬಾಯಿ ಬಿಡದಿದ್ದ ಮನುಷ್ಯ "ಹೂಂ ಸಾರ್" ಎಂದರು. ಅಷ್ಟು ಮನಸಾರೆ ಹೇಳಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ನೀರು ಅಷ್ಟಿಷ್ಟು ಇಳಿಯಿತು. ಇಳಿಯದೆ ಉಳಿದದ್ದು ನಮ್ಮತ್ತೆಯ ಕೈಗುಣ. ಈ ಕಾಯಿಲೆ ಮನುಷ್ಯರನ್ನು ಒಳಗಿಂದ ತಿನ್ನುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. ಅಂದಮೇಲೆ ಉಪಾಯವೂ ಅವರಿಗೆ ಸ್ಪಷ್ಟವಾಗಿತ್ತು. "ಅದು ತಿನ್ನೋದ್ರೊಳ್ಗೆ ನೀನ್ ತಿನ್ಬುಡು ಕಣವ್ವ" ಎನ್ನುತ್ತ ಅಕ್ಕಿರೊಟ್ಟಿಯ ಮೇಲೆ ಬೆಣ್ಣೆ, ಕಡುಬಿನ ಪಕ್ಕದಲ್ಲಿ ನಾಟಿಕೋಳಿ ಸಾರು. ಹೊಟ್ಟೆ ತೊಳಸಿ ಅನ್ನ ಸೇರದ ದಿನಗಳೂ ಇದ್ದವು. ಅವು ಕಳೆದ ಮಾರನೆಯ ದಿನ ಹಿಂದಿನ ಬಾಕಿಯನ್ನೂ ಸೇರಿಸಿ ಬಡಿಸುತ್ತಿದ್ದರು. ಅವರಿಗೂ ಕಾಯಿಲೆಗೂ ನಡೆದ ಪೈಪೋಟಿಯಲ್ಲಿ ಗೆದ್ದವರು ಅತ್ತೆಯೇ. ಆ ಗೆಲುವನ್ನು ಸೊಂಟದ ಸುತ್ತ ಇವತ್ತಿಗೂ ಹೊತ್ತುಕೊಂಡು ತಿರುಗುತ್ತಿದ್ದೇನೆ.

ಇದರಿಂದ ಕಷ್ಟವಾದದ್ದು ನನ್ನನ್ನು ನೋಡಲು ಬಂದವರಿಗೆ. ಪಾಪ, ದಾರಿಯುದ್ದಕ್ಕೂ ಮುಖವನ್ನು ಸಿದ್ಧ ಮಾಡಿಕೊಂಡು ಬರುತ್ತಿದ್ದರು. ಆಲೂರಿನಿಂದ ನಮ್ಮ ದೊಡ್ಡಮ್ಮ ಬಂದದ್ದು ನೆನಪಿದೆ. ಗೇಟಿನ ಹತ್ತಿರವೇ ಸೆರಗು ಬಾಯಿಗೆ ಹಿಡಿದು ಅಳು ಶುರು ಮಾಡಿದವರು, ಜಗಲಿಯಲ್ಲಿ ಹುಣ್ಣಿಮೆಯ ಚಂದ್ರನ ಹಾಗೆ ಕೂತಿದ್ದ ನನ್ನನ್ನು ಕಂಡು ನಡುವೆಯೇ ನಿಲ್ಲಿಸಿಬಿಟ್ಟರು. "ಏನೇ ಗಿರಿಜಾ, ಒಳ್ಳೆ ಬಾಣಂತಿ ಇದ್ದಂಗಿದೀಯಲ್ಲೇ!" ಆ ದನಿಯಲ್ಲಿ ಸಂತೋಷವಿತ್ತೋ ಆಕ್ಷೇಪಣೆಯಿತ್ತೋ ಇನ್ನೂ ತಿಳಿದಿಲ್ಲ. ತಂದಿದ್ದ ಮೋಸಂಬಿಯನ್ನು ಕೊಡುವ ಮೊದಲು ಒಂದು ಗಳಿಗೆ ಯೋಚಿಸಿದ್ದಂತೂ ನಿಜ.

ಆದ್ದರಿಂದ ಕೇಳದಿದ್ದರೂ ಒಂದು ಸಲಹೆ ಕೊಡುತ್ತೇನೆ. ಇಂಥ ಕಾಯಿಲೆಯವರನ್ನು ನೋಡಲು ಹೋದಾಗ "ದಪ್ಪ ಆಗಿದೀರಿ" ಅನ್ನಬೇಡಿ, "ಇಳಿದುಹೋಗಿದೀರಿ" ಅಂತಲೂ ಅನ್ನಬೇಡಿ. ಅವರ ಮನೆಯಲ್ಲೂ ಕನ್ನಡಿ ಇರುತ್ತದೆ. ಸಕಲೇಶಪುರದಲ್ಲಿ ಮೆಣಸಿನ ರೇಟು ಏನಾಗಿದೆ ಎಂದು ಹೇಳಿ. ಇನ್ನೊಂದು ಸಲಹೆ ತಮಾಷೆಯದಲ್ಲ. ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ ಸುಗ್ಗಿ ಮುಗಿಯಲಿ, ಹಬ್ಬ ಕಳೆಯಲಿ ಎಂದು ಮುಚ್ಚಿಟ್ಟುಕೊಳ್ಳಬೇಡಿ. ಮುಂದೂಡಿದರೆ ಇಳಿಯುವ ರೇಟು ಅದಲ್ಲ.

ತೂಕದ ಬಗ್ಗೆ ನಮ್ಮ ಭಾಷೆಗೇ ಒಂದು ಖಚಿತ ಅಭಿಪ್ರಾಯವಿಲ್ಲ ಎಂದು ಹಾಸಿಗೆಯಲ್ಲಿ ಮಲಗಿದ್ದಾಗ ಹೊಳೆಯಿತು. ಗೌರವಸ್ಥನನ್ನು ತೂಕದ ಮನುಷ್ಯ ಎನ್ನುತ್ತೇವೆ, ತಿಳಿದು ಆಡಿದ ಮಾತು ತೂಕದ ಮಾತು. ಯಾರನ್ನಾದರೂ ಕೀಳಾಗಿ ಕಂಡರೆ ಹಗುರವಾಗಿ ಮಾತಾಡಿದರು ಎಂದು ಸಿಟ್ಟಾಗುತ್ತೇವೆ. ಇಷ್ಟೆಲ್ಲ ಮರ್ಯಾದೆಯ ತೂಕ ಹೆಂಗಸಿನ ಸೊಂಟಕ್ಕೆ ಬಂದ ಕೂಡಲೇ ಯಾಕೆ ನಗೆಪಾಟಲಾಗಬೇಕು? ಮಗುವನ್ನು ತೊಟ್ಟಿಲಲ್ಲಿ ತೂಗುತ್ತೇವೆ, ಮೆಣಸನ್ನು ತಕ್ಕಡಿಯಲ್ಲಿ ತೂಗುತ್ತೇವೆ, ಕೂತಲ್ಲೇ ತಲೆ ವಾಲಿದರೆ ತೂಕಡಿಕೆ ಎನ್ನುತ್ತೇವೆ. ನಾನಂತೂ ಆ ವರ್ಷ ತೂಗಿಸಿಕೊಂಡದ್ದು, ತೂಕಡಿಸಿದ್ದು ಬಿಟ್ಟು ಬೇರೆ ಕೆಲಸ ಮಾಡಲಿಲ್ಲ.

ಹೀಗೆ ನಗುನಗುತ್ತ ಬರೆಯುತ್ತಿದ್ದೇನೆ. ಬಚ್ಚಲುಮನೆಯಲ್ಲಿ ನಗು ಬರುತ್ತಿರಲಿಲ್ಲ. ಎದೆಯ ಒಂದು ಬದಿ ಮಟ್ಟಸ, ಅದರ ಕೆಳಗೆ ಹೊಸದಾಗಿ ಬಂದ ಹೊಟ್ಟೆ. ಬೇಕಾದ ಕಡೆಯ ಮಾಂಸ ಹೋಗಿ ಬೇಡದ ಕಡೆ ಬಂದು ಕೂತಿತ್ತು. ಕೆಲವು ದಿನ ಕಣ್ಣು ಮುಚ್ಚಿಕೊಂಡೇ ನೀರು ಹುಯ್ದುಕೊಂಡೆ. ನಡೆಯುವಾಗ ಎಡ ಭುಜ ಮೇಲೆ, ಬಲ ಭುಜ ಕೆಳಗೆ. ತೂಗುವುದೇ ಕಸುಬಾದವಳು ಒಂದು ತಟ್ಟೆ ಬರಿದಾದ ತಕ್ಕಡಿಯ ಹಾಗೆ ಊರಲ್ಲಿ ಓಡಾಡುವುದೇ? ಒಳಗೆ ಇಟ್ಟುಕೊಳ್ಳಲು ಬಟ್ಟೆಯ ಚೀಲ ಹೊಲಿದುಕೊಂಡೆ. ಮೊದಲು ಹತ್ತಿ ತುಂಬಿದೆ. ಅದು ಹಗುರವಾಗಿ, ಮಧ್ಯಾಹ್ನದ ಹೊತ್ತಿಗೆ ಕತ್ತಿನ ಹತ್ತಿರ ಬಂದು ಕೂರುತ್ತಿತ್ತು. ಕೈಯಳತೆಯಲ್ಲೇ ಇದೆಯಲ್ಲ ಎಂದು ಮೆಣಸು ತುಂಬಿದೆ. ಬೆವರು ತಗುಲಿ ಘಾಟು ಎದ್ದು, ಸಕಲೇಶಪುರದ ಬಸ್ಸಿನಲ್ಲಿ ಪಕ್ಕದ ಸೀಟಿನವಳು ಇಳಿಯುವವರೆಗೂ ಸೀನಿದಳು. ಕೊನೆಗೆ ಕೈಹಿಡಿದದ್ದು ಸಾಸಿವೆ. ನುಣ್ಣಗೆ, ತಣ್ಣಗೆ, ಮೈ ಆಡಿದ ಹಾಗೆ ಆಡುತ್ತದೆ, ಇಟ್ಟಲ್ಲಿ ನಿಲ್ಲುತ್ತದೆ. ಬೇಕಾದವರು ಮಾಡಿನೋಡಿ, ಗಾಯ ಪೂರ್ತಿ ಮಾಗಿದ ಮೇಲೆ, ಡಾಕ್ಟರನ್ನು ಕೇಳಿಕೊಂಡು. ತೂಕ ಮಾತ್ರ ಅಂದಾಜಿನ ಮೇಲೆ ಹಾಕಬೇಕಾಯಿತು. ಬಲಗಡೆಯದನ್ನು ತಟ್ಟೆಯಲ್ಲಿಟ್ಟು ತೂಗುವಂತಿಲ್ಲವಲ್ಲ.

ಮೆಣಸಿನ ಸುಗ್ಗಿ ಶುರುವಾದಾಗ ನೆಟ್ಟಗೆ ನಿಂತು ಕೋಣೆಯ ಬೀಗ ತೆಗೆದೆ. ಎಡಗೈಯಲ್ಲಿ ಭಾರ ಎತ್ತಬೇಡಿ ಎಂದಿದ್ದರು. ಬಾಯಿಗೆ ಏನೂ ಪಥ್ಯ ಹೇಳಿರಲಿಲ್ಲ. ಜಗಳಕ್ಕೆ ತಯಾರಾಗಿ ಕೂತೆ. ಬಂದವರೆಲ್ಲ ಸೆರಗಿನ ಕಡೆ ಒಮ್ಮೆ ನೋಡಿ, ಎಡಗಡೆಯೋ ಬಲಗಡೆಯೋ ಎಂದು ಕಣ್ಣಲ್ಲೇ ಅಂದಾಜು ಮಾಡಿ, ಆಮೇಲೆ ನೆಲ ನೋಡಿದರು. "ನೀವ್ ಹೇಳ್ದಂಗೇ ಆಗ್ಲಿ ಕಣಕ್ಕ." ಎಷ್ಟು ಕಳೆದರೂ ಅದೇ ಮಾತು. ಲಾಭ ನೋಡಿದರೆ ಅಂಥ ವಾರ ನನ್ನ ಜನ್ಮದಲ್ಲಿ ಬಂದಿರಲಿಲ್ಲ. ಆದರೆ ಅದು ವ್ಯಾಪಾರವಾಗಿರಲಿಲ್ಲ, ಸೆರಗಿಗೆ ಹಾಕಿದ ಭಿಕ್ಷೆಯಾಗಿತ್ತು. ನನ್ನ ಜೊತೆ ಚೌಕಾಸಿ ಮಾಡುವಷ್ಟು ದಿನ ನಾನು ಬದುಕುವುದಿಲ್ಲ ಎಂದು ಇವರೆಲ್ಲ ತೀರ್ಮಾನಿಸಿಬಿಟ್ಟಿದ್ದಾರೇನೋ ಅನ್ನಿಸಿತು. ಆಸ್ಪತ್ರೆಯಲ್ಲಿ ಆಗದ ಭಯ ಆ ಕೋಣೆಯಲ್ಲಾಯಿತು.

ತಿಮ್ಮಕ್ಕ ಬರಲಿ ಎಂದು ಕಾದೆ. ಕೆ. ಹೊಸಕೋಟೆ ಕಡೆಯ ಹೆಂಗಸು, ನನಗಿಂತ ಹಿರಿಯಳು. ಅವಳ ಹಾಗೆ ಜಗಳ ಆಡುವವರನ್ನು ನಾನು ಕಂಡಿಲ್ಲ. ಒಂದು ವರ್ಷ ತೇವಕ್ಕೆಂದು ಸ್ವಲ್ಪ ಹೆಚ್ಚು ಕಳೆದೆ ಎಂದು ಚೀಲ ಹೊತ್ತು ಬಸ್ಸು ಹತ್ತಿ, ಮುಂದಿನ ಸ್ಟಾಪಿನಲ್ಲಿ ಇಳಿದು, ಬೈಯಲು ಮರೆತ ಮಾತು ನೆನಪಾಯಿತೆಂದು ನಡೆದು ವಾಪಸು ಬಂದವಳು. ಅವಳು ಬಂದರೆ ಎಲ್ಲ ಸರಿಹೋಗುತ್ತದೆ.

ಬಂದಳು. ಚೀಲ ಇಳಿಸಿದಳು. ನನ್ನ ಮುಖ ನೋಡಿದಳು. ಕಣ್ಣು ತುಂಬಿಕೊಂಡಿತು.

"ನೀನ್ ಎಷ್ಟ್ ಕಳೀತೀಯೋ ಕಳ್ಕೊ ಕಣವ್ವ. ಬದ್ಕಿದೀಯಲ್ಲ, ಸಾಕು."

ಬೇಕೆಂದೇ ಕೆಣಕಿದೆ. ತಳದ ಕಾಳು ತೆಗೆದು ಕಡಿದೆ, ಟಕ್ ಎಂದಿತು. "ತೇವ ಜಾಸ್ತಿ ಐತೆ ತಿಮ್ಮಕ್ಕ."

"ಇರ್ಬೋದು ಬುಡು."

"ಅರ್ಧಕ್ಕರ್ಧ ಜೊಳ್ಳು."

"ಇದ್ರೂ ಇರ್ಬೋದು ಕಣವ್ವ."

ತಿಮ್ಮಕ್ಕ ತನ್ನ ಮೆಣಸನ್ನು ಜೊಳ್ಳೆಂದು ಒಪ್ಪಿಕೊಳ್ಳುವುದೆಂದರೇನು! ನನಗೆ ತಡೆಯಲಾಗಲಿಲ್ಲ. "ತಗೊಂಡೋಗು ನಿನ್ ಚೀಲಾನ. ಸತ್ತೋರ್ ಮನೆಗ್ ಬಂದಂಗ್ ಬಂದಿದೀಯ. ನಾನಿನ್ನೂ ಸತ್ತಿಲ್ಲ!" ಎಂದು ಕೂಗಿದೆ.

ಅವಳೂ ದನಿ ಏರಿಸಿದಳು. "ಮತ್ತೇನ್ ಮಾಡ್ಲೇ? ನಿನ್ ಮೊಖ ನೋಡಿದ್ರೆ ಬಾಯೇ ಬರಕ್ಕಿಲ್ಲ. ಏನಾರ ಅಂದು ನಿಂಗ್ ನೋವಾಗ್ಬುಟ್ರೆ?" ಆಮೇಲೆ ಸ್ವಲ್ಪ ಹತ್ತಿರ ಬಂದು ಕೇಳಿದಳು: "ಪೂರ್ತಿ ತಗುದ್ಬುಟ್ರಾ?"

ಅಷ್ಟು ದಿನದಲ್ಲಿ ನೇರವಾಗಿ ಕೇಳಿದವಳು ಅವಳೊಬ್ಬಳೇ. ಕೈ ಹಿಡಿದು ಚೀಲಗಳ ರಾಶಿಯ ಹಿಂದೆ ಕರೆದುಕೊಂಡು ಹೋಗಿ, ರವಿಕೆಯೊಳಗಿಂದ ಸಾಸಿವೆಯ ಗಂಟು ತೆಗೆದು ಅವಳ ಅಂಗೈಗೆ ಹಾಕಿದೆ. ಮೊದಲು ಬೆಚ್ಚಿದಳು. ಆದರೆ ಕೈಗೆ ಏನು ಬಂದರೂ ತೂಗಿ ನೋಡುವ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಅಂಗೈಯಲ್ಲಿ ಮೇಲೆ ಕೆಳಗೆ ಆಡಿಸಿದಳು. ಹುಬ್ಬು ಗಂಟಾಯಿತು.

"ಗಿರಿಜವ್ವ, ಇದು ಕಮ್ಮಿ ಐತೆ."

"ಏನ್ ಕಮ್ಮಿ? ಸರಿಯಾಗೈತೆ."

"ಎಲ್ಲೈತೆ ಸರಿಯಾಗಿ? ಆ ಕಡೇದ್ ನೋಡು. ಕಾಯ್ಲೇಲಿ ನೀನ್ ಊದ್ಕೊಂಡೆ, ನಿನ್ ಜೊತೆ ಅದೂ ಊದ್ಕೊಂಡ್ತು. ಇದ್ ಮಾತ್ರ ಹಳೇ ತೂಕದಾಗೇ ಐತೆ!"

ಗಂಟನ್ನು ಇಸಿದುಕೊಂಡು ನಾನೂ ಅಂಗೈಯಲ್ಲಿ ಆಡಿಸಿ ನೋಡಿದೆ. ಅವಳು ಹೇಳಿದ್ದು ನಿಜ. ಹೊಲಿಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ಕಾಯಿಲೆಗೆ ಮುಂಚಿನ ಮೈ. ಅದನ್ನು ಕಟ್ಟಿಕೊಂಡು ತಿರುಗುತ್ತಿದ್ದದ್ದು ಈಗಿನ ಮೈ. ನನ್ನ ಮೈ ಬೇರೆಯಾಗಿದೆ ಎಂದು ನನ್ನೊಬ್ಬಳನ್ನು ಬಿಟ್ಟು ಮಿಕ್ಕವರಿಗೆಲ್ಲ ಗೊತ್ತಿತ್ತು.

"ಮೆಣಸ್ ತೂಗೋವಾಗ್ಲೂ ನೀನ್ ಹಿಂಗೇಯ. ಕಮ್ಮಿ ಹಾಕದು, ಸರಿಯಾಗೈತೆ ಅನ್ನದು!" ತಿಮ್ಮಕ್ಕನ ಬಾಯಿ ಬಂದಿತ್ತು. "ನನ್ ಮೆಣಸಲ್ಲಿ ಜೊಳ್ಳೈತಾ? ನಿನ್ ಕಣ್ಣಲ್ಲೈತೆ ಜೊಳ್ಳು!"

"ತಳಕ್ಕೆ ಹಸಿ ಕಾಳ್ ತುಂಬೋಳ್ಗೆ ಮಾತ್ ಬೇರೆ."

"ಯಾರೇ ತುಂಬೋಳು? ಸುರೀತೀನಿ ನೋಡು, ಕೋಣೆ ತುಂಬ ಸುರೀತೀನಿ!"

ಸುರಿದೇಬಿಟ್ಟಳು. ಇಬ್ಬರೂ ನೆಲಕ್ಕೆ ಕೂತು ಕಾಳು ಕಾಳು ಕಡಿದು, ಒಬ್ಬರ ಮುಖಕ್ಕೆ ಇನ್ನೊಬ್ಬರು ಹಿಡಿದು, ಅವಳ ಬಸ್ಸು ಬರುವವರೆಗೂ ಕಿರುಚಾಡಿದೆವು. ಕಳೆಯುತ್ತೇನೆ ಎಂದಿದ್ದನ್ನೆಲ್ಲ ವಾಪಸು ಪಡೆದು, ಚೀಲದ ತೂಕವನ್ನೂ ಬಿಡಿಸಿಕೊಂಡು ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಇನ್ನೊಂದ್ ಹಿಡಿ ಸಾಸ್ವೆ ಹಾಕ್ಕೊ. ಸೊಟ್ಟ ನಡೀಬ್ಯಾಡ" ಎಂದಳು.

ಇದೆಲ್ಲ ಆಗಿ ವರ್ಷಗಳಾದವು. ತೂಕ ಸ್ವಲ್ಪ ಇಳಿದಿದೆ, ಸ್ವಲ್ಪ ನನ್ನ ಜೊತೆಗೇ ಇರುತ್ತೇನೆಂದು ಉಳಿದುಕೊಂಡಿದೆ. ಡಾಕ್ಟರು ಹೇಳಿದಂತೆ ಸಂಜೆ ನಡೆಯುತ್ತೇನೆ, ರೊಟ್ಟಿಯ ಮೇಲಿನ ಬೆಣ್ಣೆಯನ್ನು ಅತ್ತೆಗೆ ಕಾಣದಂತೆ ಬದಿಗೆ ಸರಿಸುತ್ತೇನೆ. ಮೈ ವಿಷಯದಲ್ಲಿ ನಾನು ಕೊನೆಗೆ ಮಾಡಿಕೊಂಡ ಒಪ್ಪಂದ ಇಷ್ಟೇ: ಇದ್ದದ್ದನ್ನು ಇದ್ದ ಹಾಗೆ ತೂಗುವುದು. ಹಿಂದಿನ ವರ್ಷದ ಮಾಲಿನ ಲೆಕ್ಕದಲ್ಲಿ ಈ ವರ್ಷದ ವ್ಯಾಪಾರ ಯಾರೂ ಮಾಡುವುದಿಲ್ಲ.

ತಿಮ್ಮಕ್ಕ ಅವತ್ತು ಬಸ್ಸಿನಲ್ಲಿ ಏನು ಹೇಳಿಕೊಂಡು ಹೋದಳೋ ತಿಳಿಯದು. ಮಾರನೆಯ ದಿನ ಬೆಳಿಗ್ಗೆ ಬೀಗ ತೆಗೆಯುವ ಮೊದಲೇ ಒಬ್ಬ ರೈತ ಚೀಲ ಇಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಿದ್ದ. ನನ್ನನ್ನು ಕಂಡವನೇ, "ಏನ್ ಗಿರಿಜಕ್ಕ, ಒಣಗಿದ್ ಮೆಣಸಿಗೂ ತೇವ ಅಂತ ಕಳೀತೀಯಂತೆ? ನನ್ ಹತ್ರ ನಡಿಯಕ್ಕಿಲ್ಲ, ಈಗ್ಲೇ ಹೇಳಿವ್ನಿ!" ಎಂದು ತೋಳು ಮೇಲೇರಿಸಿದ.

"ಬಾರಪ್ಪ, ಬಾ" ಎಂದು ಬಾಗಿಲು ತೆಗೆದು, ಬಹಳ ದಿನಕ್ಕೆ ಬಂದ ನೆಂಟನಿಗೆ ಹಾಕುವ ಹಾಗೆ ಮಣೆ ಹಾಕಿ ಕೂರಿಸಿದೆ.