ದವಡೆಯೊಳಗಿನ ಹಸು

ಮುದ್ದೆ ನುಂಗಲು ಹಲ್ಲು ಬೇಕಿಲ್ಲ ಎಂಬ ಒಂದೇ ನಂಬಿಕೆಯಲ್ಲಿ ನಾಗರಬಾವಿಯ ಹಾಲಿನ ಚಿಕ್ಕಣ್ಣನವರು ಕೆಳಸಾಲಿನ ಹಲ್ಲನ್ನೆಲ್ಲ ಕಳೆದುಕೊಂಡೂ ವರ್ಷಗಟ್ಟಲೆ ಆರಾಮಾಗಿದ್ದರು. "ಅಗಿಯೋದು ಹಸು ಕೆಲಸ ಕಣಪ್ಪ, ನಂದಲ್ಲ," ಎಂದು ತುತ್ತನ್ನು ಉಪ್ಸಾರಿನಲ್ಲಿ ಹೊರಳಿಸಿ ಗುಳುಕ್ಕನೆ ಇಳಿಸುತ್ತಿದ್ದರು.

ಹೊಲವೆಲ್ಲ ಸೈಟುಗಳಾದ ಮೇಲೂ ಮನೆ ಹಿಂದೆ ಗೌರಿ ಎಂಬ ಒಂದು ಹಸು ಉಳಿಸಿಕೊಂಡಿದ್ದರು. ಪಕ್ಕದ ಮನೆಯ ನಮಗೂ ಅದೇ ಹಾಲು. ಜ್ವರ ಬಂದ ದಿನವೂ ಬೇರೆಯವರಿಗೆ ಅದರ ಕೆಚ್ಚಲು ಮುಟ್ಟಲು ಬಿಟ್ಟವರಲ್ಲ. ಹೆಂಡತಿ ತೀರಿಕೊಂಡ ಮೇಲಂತೂ ಅವರ ಮಾತುಕತೆಯೆಲ್ಲ ಕೊಟ್ಟಿಗೆಯಲ್ಲೇ.

ಮೊಮ್ಮಗಳ ಮದುವೆ ಮುಂದಿನ ವರ್ಷಕ್ಕೆ ಗೊತ್ತಾಯಿತು. ಮಗ ರವಿಗೆ ಇದ್ದಕ್ಕಿದ್ದಂತೆ ಅಪ್ಪನ ಬೊಚ್ಚುಬಾಯಿ ಅವಮಾನವೆನಿಸಿತು. ದಂತವೈದ್ಯರು ಎಕ್ಸ್‌ರೇ ನೋಡಿ, ಹಲ್ಲಿಲ್ಲದೆ ದವಡೆಯ ಮೂಳೆ ಕರಗಿದೆ, ಹೊಸ ಹಲ್ಲು ಕೂರಿಸುವ ಸ್ಕ್ರೂ ನಿಲ್ಲುವುದಿಲ್ಲ, ಮೊದಲು ಮೂಳೆ ಬೆಳೆಸಬೇಕು ಎಂದರಂತೆ.

"ಏನ್ ಹಾಕಿ ಬೆಳೆಸ್ತಾರಂತೋ?" ಎಂದು ಚಿಕ್ಕಣ್ಣನವರು ಮಗನನ್ನು ಕೇಳಿದ್ದು ನನ್ನೆದುರಿಗೇ.

"ಅದೇನೋ ಪೌಡರ್ ಕಣಪ್ಪ, ಫಾರಿನ್ದು."

ದವಡೆಗೆ ಆ ಪೌಡರ್ ತುಂಬಿಸಿ ಆರೇಳು ತಿಂಗಳಾದ ಮೇಲೆ, ರವಿಗೆ ಪುರುಸೊತ್ತಿಲ್ಲವೆಂದು ಅವರನ್ನು ಆಸ್ಪತ್ರೆಗೆ ಕರೆದೊಯ್ದವನು ನಾನು. ಡಾಕ್ಟರು ಹೊಸ ಎಕ್ಸ್‌ರೇ ತೋರಿಸಿ ಹಿಗ್ಗಿದರು. "ನೋಡಿ ಯಜಮಾನ್ರೇ, ಹಸು ಮೂಳೆ ಪೌಡರ್ ಎಷ್ಟು ಚೆನ್ನಾಗಿ ಸೆಟ್ ಆಗಿದೆ! ನಿಮ್ ಮೂಳೆ ಅದನ್ನ ಹಿಡ್ಕೊಂಡೇ ಬೆಳೆದಿದೆ."

ಚಿಕ್ಕಣ್ಣನವರು ದವಡೆಯನ್ನು ಬೆರಳಿನಿಂದ ಒತ್ತಿ ನೋಡಿಕೊಂಡರು. ಆಮೇಲೆ, "ತೆಗ್ದಾಕಿ ಸಾರ್," ಎಂದರು.

"ಈಗ ಬೇರೆ ಮಾಡೋಕಾಗಲ್ಲ. ನಿಮ್ ಮಗನಿಗೆ ಎಲ್ಲಾ ಹೇಳಿದ್ವಲ್ಲ?"

ಮನೆಯಲ್ಲಿ ರವಿ, "ಔಷಧಿ ಅಂದ್ಕೊ. ಈಗೇನಾಯ್ತು?" ಎಂದ. ಅವನ ಕೆನ್ನೆಗೆ ಬಾರಿಸಬೇಕು ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಚಿಕ್ಕಣ್ಣನವರು ಮಾತ್ರ, "ನಿನ್ನ ಕೇಳಿದ್ದೆ ಕಣೋ," ಎಂದಷ್ಟೇ ಹೇಳಿ ಒಳಗೆ ಹೋದರು.

ಹಲ್ಲು ಕೂರಿಸಿಕೊಳ್ಳಲಿಲ್ಲ. ಕೊಟ್ಟಿಗೆಗೂ ಕಾಲಿಡಲಿಲ್ಲ. ಗೌರಿ ಬೇರೆಯವರಿಗೆ ಹಾಲು ಬಿಡದೆ ಒದೆಯತೊಡಗಿದಾಗ ರವಿ ಮಾರಿಬಿಟ್ಟ.

ಹಾಸಿಗೆ ಹಿಡಿದಿದ್ದ ಅವರನ್ನು ಕೊನೆಯ ಸಲ ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡರು. "ನಾಳೆ ನನ್ ಮೂಳೆನ ಹೊಳೆಗೆ ಬಿಡ್ತಾರೆ. ಅದ್ರಲ್ಲಿ ಎಲ್ಲಿಂದೋ ಸತ್ತು ಬಂದ ಹಸೂನೂ ಇರುತ್ತೆ ಕಣಪ್ಪ. ಅದಕ್ಕೂ ಎಳ್ಳುನೀರು ಬಿಡು ಅಂತ ರವಿಗೆ ಹೇಳು."

ಮದುವೆಗೆ ಮುಂಚೆಯೇ ಹೋಗಿಬಿಟ್ಟರು. ಶ್ರೀರಂಗಪಟ್ಟಣದ ಹೊಳೆಯಲ್ಲಿ ಅಸ್ಥಿ ಬಿಡುವಾಗ ರವಿಗೆ ಹೇಳಿದೆ. ಅವನು ಪುರೋಹಿತರ ಮುಂದೆಯೇ ನಕ್ಕ. ಆ ಎಳ್ಳುನೀರನ್ನು ನಾನೇ ಬಿಟ್ಟೆ.