ಮೊದಲು ಶಿಕ್ಕಾ, ಆಮೇಲೆ ಓದು

ಮುಷ್ಕರ ಆಗಬಹುದಿತ್ತು. ಪತ್ರಿಕೆಯವರು ಗೇಟಿನ ಮುಂದೆ ಬಂದು ನಿಲ್ಲಬಹುದಿತ್ತು. ಪೊಲೀಸರು ಬಂದು ಜೀಪಿಗೆ ಮೊದಲು ನನ್ನನ್ನೇ ಹತ್ತಿಸಬಹುದಿತ್ತು. ಮಾಲೀಕರಿಗೆ ಎದೆನೋವು ಬರಬಹುದಿತ್ತು, ಅವರಿಗಿಂತ ಮೊದಲು ನನಗೇ ಬರಬಹುದಿತ್ತು. ನನ್ನ ಕೆಲಸ ಹೋಗಿ, ಮಗಳ ಕಾಲೇಜು ನಿಂತು, ಹೆಂಡತಿ ತವರಿನವರೆದುರು ತಲೆ ತಗ್ಗಿಸಬೇಕಾಗಿ ಬರಬಹುದಿತ್ತು... ಆ ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನ ತನಕ ಇವೆಲ್ಲವನ್ನೂ ಒಂದೊಂದಾಗಿ ಊಹಿಸಿಕೊಂಡು, ಪ್ರತಿಯೊಂದಕ್ಕೂ ಒಂದು ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ. ಗ್ಯಾಸಿನ ಗುಂಡಿ ಬಂದ್ ಮಾಡಿದೆನೋ ಇಲ್ಲವೋ ಎಂದು ನೋಡಲು ಅರ್ಧ ದಾರಿಯಿಂದ ಮನೆಗೆ ಮರಳುವ ಮನುಷ್ಯ ನಾನು. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಕಡಿಮೆ.

ಇದೆಲ್ಲ ಮತ್ತೆ ನೆನಪಾದದ್ದು ಹೋದ ವಾರ, ಒಂದು ವಾಸನೆಯಿಂದ. ಓಣಿಯ ಗಟಾರು ತುಂಬಿ ಹರಿಯುತ್ತಿದೆ ಎಂದು ಅರ್ಜಿ ಕೊಡಲು ಹುಬ್ಬಳ್ಳಿಯ ಒಂದು ಕಚೇರಿಗೆ ಹೋಗಿದ್ದೆ. ಕಿಟಕಿಯ ಹಿಂದಿದ್ದ ಗುಮಾಸ್ತರು ನನ್ನ ಅರ್ಜಿಯನ್ನು ಓದಲೇ ಇಲ್ಲ. ತಾರೀಖಿನ ರಬ್ಬರ್ ಶಿಕ್ಕಾ ಎತ್ತಿ, ಎರಡೂ ಪ್ರತಿಗಳ ಮೇಲೆ ಥಪ್ ಥಪ್ ಎಂದು ಒತ್ತಿ, ಒಂದನ್ನು ನನ್ನ ಕಡೆ ತಳ್ಳಿದರು. ನೇರಳೆ ಶಾಯಿಯ ವಾಸನೆ ಮೂಗಿಗೆ ಬಂತು. ಹಿಂದಿದ್ದವರು "ಸರೀರಿ ಯಜಮಾನ್ರ" ಎಂದು ಗದರಿಸುವವರೆಗೂ ಅಲ್ಲೇ ನಿಂತಿದ್ದೆ.

ಮೇಡಂ ಅವರ ಕೈಚೀಲದಲ್ಲಿ ಸದಾ ಅದೇ ವಾಸನೆ ಇರುತ್ತಿತ್ತು.

ಪೊಲೀಸ್ ಇಲಾಖೆಯ ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ನವನಗರದಲ್ಲಿ ಮನೆ ಮಾಡಿದ್ದರು. ಹೆಣ್ಣುಮಕ್ಕಳ ಮೇಲೆ ದೌರ್ಜನ್ಯವಾದಾಗ ದೂರನ್ನು ಹೇಗೆ ತೆಗೆದುಕೊಳ್ಳಬೇಕು, ತೆಗೆದುಕೊಳ್ಳದವರನ್ನು ಹೇಗೆ ಹೊಣೆ ಮಾಡಬೇಕು ಎಂದು ಠಾಣೆಗಳಿಗೂ ಕಾರ್ಖಾನೆಗಳಿಗೂ ಸಲಹೆ ಕೊಡುತ್ತ ತಿರುಗುತ್ತಿದ್ದರು. ಇಲ್ಲೇ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಬಿಡಿಭಾಗ ಮಾಡುವ ನಮ್ಮ ಕಾರ್ಖಾನೆಗೂ ಅವರನ್ನು ಕರೆಸಬೇಕಾಯಿತು. ಮಾಲೀಕರಿಗೆ ಜ್ಞಾನೋದಯವಾಗಿತ್ತೆಂದಲ್ಲ. ನಮ್ಮ ಮಾಲು ಕೊಳ್ಳುವ ದೊಡ್ಡ ಕಂಪನಿ ದೂರು ಸಮಿತಿ ಇದೆಯೇ ಎಂದು ಕೇಳಿತ್ತು. ಸಿಬ್ಬಂದಿ ವಿಭಾಗದ ಅಧಿಕಾರಿಯಾದ ನನಗೆ ಮಾಲೀಕರು ಹೇಳಿದ್ದು ಇಷ್ಟು: "ಒಂದು ಫೋಟೋ ತಗದು, ಒಂದು ಫೈಲ್ ಮಾಡಿ ಕಳಿಸ್ರಿ."

ಮೇಡಂ ಬಸ್ಸಿನಲ್ಲಿ ಬಂದು, ಗೇಟಿನಿಂದ ನಡೆದೇ ಒಳಗೆ ಬಂದರು. ಮಷೀನು ನಿಲ್ಲಿಸಿ, ಕೆಲಸದ ಹೆಣ್ಣುಮಕ್ಕಳನ್ನೂ ನಮ್ಮಂಥ ಕುರ್ಚಿಯವರನ್ನೂ ಒಟ್ಟಿಗೆ ಕೂರಿಸಿದರು.

"ತಪ್ಪು ಮಾಡಾವ ಒಬ್ಬ ಇರತಾನ," ಎಂದರು. "ಅದನ್ನ ಮುಚ್ಚಾಕ ಹತ್ತು ಮಂದಿ ಬೇಕು. ನಾ ಆ ಹತ್ತು ಮಂದಿ ಸಲುವಾಗಿ ಬಂದೇನಿ."

ಆಮೇಲೆ ಕೈಚೀಲದಿಂದ ತಾರೀಖಿನ ಶಿಕ್ಕಾ, ಶಾಯಿಯ ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಅರ್ಜಿ ಬಂದ ಕೂಡಲೇ ಎರಡೂ ಪ್ರತಿಗೂ ಶಿಕ್ಕಾ ಒತ್ತಬೇಕು, ಒಂದನ್ನು ಅರ್ಜಿ ತಂದವಳ ಕೈಗೆ ಕೊಡಬೇಕು, ಓದುವುದು ಆಮೇಲೆ. ಅದೇ ಅವರ ಪದ್ಧತಿ. ಓದದೇ ಹೇಗೆ ಒತ್ತುವುದು ಎಂದು ನಾನು ಕೇಳಿದೆ. ಚಿಂತೆಯ ಮನುಷ್ಯ ಕೇಳಲೇಬೇಕಲ್ಲ.

"ಓದಿದ ಮ್ಯಾಲೆ ಅದರಾಗ ಯಾರ ಹೆಸರೈತಿ ಅನ್ನೂದು ಗೊತ್ತಾಕ್ಕೈತ್ರಿ. ಆಮ್ಯಾಲೆ ನಿಮ್ಮ ಕೈ ನಡಗತೈತಿ."

ಹೆಣ್ಣುಮಕ್ಕಳು ಜೋರಾಗಿ ನಕ್ಕರು. ನಾನೂ ನಕ್ಕೆ.

ಮೇಡಂ ನಗಲಿಲ್ಲ. ಹೊಸದಾಗಿ ಸೇವೆಗೆ ಸೇರಿದ ದಿನಗಳಲ್ಲಿ, ಗಂಡನ ಹೊಡೆತ ತಿಂದು ಠಾಣೆಗೆ ಬಂದ ಹೆಂಗಸೊಬ್ಬಳಿಗೆ ತಾವೇ ಮರುದಿನ ಬರಲು ಹೇಳಿ ಕಳಿಸಿದ್ದರಂತೆ. ಆಕೆ ಮತ್ತೆ ಬರಲಿಲ್ಲ. ಮೂರನೆಯ ದಿನ ಆಕೆಯ ಹೆಣ ನೋಡಲು ಇವರೇ ಹೋಗಬೇಕಾಯಿತು... "ದೆವ್ವ ಒಳಗ ಬರಬಾರದಂತ ಬಾಗಲಾ ಮ್ಯಾಲೆ 'ನಾಳೆ ಬಾ' ಅಂತ ಬರೀತಿದ್ರು ನಮ್ಮ ಹಿರ್ಯಾರು. ನಾವು ಹೆಣ್ಮಕ್ಕಳಿಗೆ ಅದನ್ನ ಹೇಳೇವಿ," ಎಂದರು.

ಎರಡು ತಿಂಗಳು ಶಿಕ್ಕಾ ನನ್ನ ಮೇಜಿನ ಮೇಲೆ ಸುಮ್ಮನೆ ಕೂತಿತ್ತು. ಒಂದು ಶನಿವಾರ ಸಂಜೆ ಪ್ಯಾಕಿಂಗ್ ವಿಭಾಗದ ಹೆಣ್ಣುಮಗಳು ಬಂದಳು. ಹಳೇ ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬರ ಮಗಳು. ಅವಳ ದುಡಿಮೆಯಿಂದಲೇ ಮನೆ ನಡೆಯುತ್ತಿತ್ತು. ಎರಡು ಪ್ರತಿ ಮಾಡಿಸಿ ತಂದಿದ್ದಳು, ಮೇಡಂ ಹೇಳಿಕೊಟ್ಟಂತೆಯೇ.

ನಾನು ಮೊದಲು ಓದಿದೆ.

ಶಿಫ್ಟಿನ ಮೇಲ್ವಿಚಾರಕ ಅವಳನ್ನು ಗೋದಾಮಿಗೆ ಕರೆಸಿ ಮೈಮೇಲೆ ಕೈ ಹಾಕಿದ್ದ, ಒಂದಲ್ಲ, ಮೂರು ಸಲ. ಆತ ಮಾಲೀಕರ ಅಕ್ಕನ ಮಗ.

"ಶಿಕ್ಕಾ ಒತ್ತಿ ಒಂದು ಪ್ರತಿ ಕೊಡ್ರಿ ಸರ್," ಎಂದಳು.

"ಶಾಯಿ ಒಣಗೇತಿ ತಂಗಿ. ಸೋಮವಾರ ಬಾ, ಒತ್ತಿ ಕೊಡತೇನಿ."

ಅವಳು ಒಂದು ಗಳಿಗೆ ಶಾಯಿಯ ಡಬ್ಬಿಯನ್ನೇ ನೋಡಿದಳು. ಎರಡೂ ಪ್ರತಿಗಳನ್ನು ಮೇಜಿನ ಮೇಲಿಟ್ಟು ಹೋದಳು. ಅವಳು ಗೇಟು ದಾಟುವ ಮೊದಲೇ ನಾನು ಮಾಲೀಕರಿಗೆ ಫೋನ್ ಹಚ್ಚಿದ್ದೆ. ಸುಮ್ಮನೆ... ಒಂದು ಮಾತು ಕೇಳೋಣವೆಂದು.

ಭಾನುವಾರವಾದರೂ ಮಾಲೀಕರ ಕೋಣೆಯಿಂದ ಕರೆ ಬಂತು. ತಾರೀಖಿನ ಶಿಕ್ಕಾ, ಶಾಯಿಯ ಡಬ್ಬಿ ಕೇಳಿದರು. ಕೊಟ್ಟೆ. ಸೋಮವಾರ ಗೇಟಿನಲ್ಲಿ ಆ ಹೆಣ್ಣುಮಗಳ ಕೈಗೆ ಕೆಲಸದಿಂದ ತೆಗೆದ ಪತ್ರ ಕೊಟ್ಟರು. ಅದರ ಮೇಲೆ ಹಿಂದಿನ ಶುಕ್ರವಾರದ ತಾರೀಖು ಸ್ಪಷ್ಟವಾಗಿ, ನೇರಳೆ ಬಣ್ಣದಲ್ಲಿ, ಮೂಡಿತ್ತು. ಶಿಕ್ಕಾದ ಚಕ್ರ ಹಿಂದಕ್ಕೆ ತಿರುಗಿಸಿದರೆ ಶುಕ್ರವಾರವೂ ಬರುತ್ತದೆ. ಅವಳ ದೂರು ಕೆಲಸ ಹೋದ ಸಿಟ್ಟಿನಲ್ಲಿ ಆಮೇಲೆ ಕೊಟ್ಟದ್ದು ಎಂದಾಯಿತು.

ದೂರು ಸಮಿತಿಯ ಹೊರಗಿನ ಸದಸ್ಯೆಯಾಗಿ ಮೇಡಂ ವಿಚಾರಣೆಗೆ ಬಂದರು. ಆ ಹೆಣ್ಣುಮಗಳನ್ನೂ ಕರೆಸಿ, ಅವಳ ಮಾತನ್ನು ಮೊದಲೇ ಕೇಳಿದ್ದರು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಅರ್ಜಿ ಯಾವತ್ತ ಬಂತ್ರಿ?"

"ಸೋಮವಾರ ಇರಬೇಕ್ರಿ ಮೇಡಂ... ಸರಿಯಾಗಿ ನೆನಪಿಲ್ರಿ."

ಆ ಹೆಣ್ಣುಮಗಳು ನಕ್ಕಳು. "ಇವ್ರಿಗೆ ಎಲ್ಲಾ ನೆನಪಿರತೈತ್ರಿ ಮೇಡಂ. ನಾಳೆ ಮಳಿ ಬಂದೀತು, ಛತ್ರಿ ತರ್ರಿ ಅಂತ ದಿನಾ ನಮಗ ಹೇಳಾವ್ರು ಇವರ."

ಮೇಡಂ ನನ್ನ ಮೇಜಿನ ಮೇಲಿದ್ದ ಶಾಯಿಯ ಡಬ್ಬಿ ತೆರೆದು ಹೆಬ್ಬೆರಳು ಒತ್ತಿ, ಬೆರಳನ್ನು ನನ್ನ ಕಡೆ ತಿರುಗಿಸಿದರು. "ಶಾಯಿ ಛಲೋ ಐತಲ್ರಿ," ಎಂದರು. ಬೈದಿದ್ದರೆ ಉತ್ತರ ತಯಾರಿತ್ತು.

ಅವರು ವರದಿಯಲ್ಲಿ ನನ್ನ ಹೆಸರನ್ನೂ ಬರೆದರು. ಮಾಲೀಕರು ವರದಿಯನ್ನು ಕಪಾಟಿಗೆ ಸೇರಿಸಿದರು, ಮೇಡಂ ಅವರನ್ನು ಮತ್ತೆ ಕರೆಯಲಿಲ್ಲ. ಆ ಹೆಣ್ಣುಮಗಳ ಜೊತೆ ಮೇಡಂ ಎಷ್ಟೋ ಕಚೇರಿಗಳನ್ನು ಹತ್ತಿಳಿದರಂತೆ. ಎಲ್ಲ ಕಡೆಯೂ ಅದೇ ಪ್ರಶ್ನೆ: ದೂರು ಮೊದಲು ಕೊಟ್ಟಿದ್ದಕ್ಕೆ ಪುರಾವೆ ಏನು?

ಎರಡು ವರ್ಷದ ನಂತರ ನವನಗರದ ಬಸ್ ನಿಲ್ದಾಣದಲ್ಲಿ ಮೇಡಂ ಸಿಕ್ಕರು. ಹತ್ತಿರ ಹೋದೆ. "ಮೇಡಂ, ಖರೇ ಹೇಳಬೇಕಂತ ಐತ್ರಿ. ಬರದು ಕೊಡತೇನಿ. ಮನಿಗೆ ಬರ್ಲೇನ್ರಿ?"

ಮೇಡಂ ಕೈಚೀಲವನ್ನು ಹೆಗಲಿಗೇರಿಸಿದರು. "ನಾಳೆ ಬರ್ರಿ," ಎಂದು ಬಸ್ಸು ಹತ್ತಿದರು.

ನಾನು ಹೋಗಲಿಲ್ಲ. ಹೋದರೆ ಏನೇನಾಗಬಹುದು ಎಂದು ಲೆಕ್ಕ ಹಾಕುತ್ತ ಕುಳಿತೆ. ಈ ವರ್ಷ ಅವರು ತೀರಿಕೊಂಡರು. ಬರೆದು ಕೊಡಬೇಕಾದ ಹಾಳೆ ಇವತ್ತಿಗೂ ಖಾಲಿ ಇದೆ, ಅದನ್ನು ತೆಗೆದುಕೊಳ್ಳುವ ಕೈ ಇಲ್ಲ.

ಗಟಾರಿನ ಅರ್ಜಿಯ ನನ್ನ ಪ್ರತಿ ಮೇಜಿನ ಮೇಲಿದೆ, ತಾರೀಖಿನ ಸಮೇತ. ಅಂದು ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಮುಷ್ಕರ ಆಗಲಿಲ್ಲ, ಪತ್ರಿಕೆಯವರು ಬರಲಿಲ್ಲ, ಪೊಲೀಸರ ಜೀಪು ಬರಲಿಲ್ಲ. ಮಗಳ ಕಾಲೇಜು ಮುಗಿಯಿತು. ಮಾಲೀಕರು ಗಟ್ಟಿಮುಟ್ಟಾಗಿದ್ದಾರೆ. ನನಗೆ ಬಡ್ತಿಯೂ ಸಿಕ್ಕಿತು. ಆದದ್ದು ಒಂದೇ, ಬಹಳ ಸಣ್ಣದು: ಒಂದು ಶನಿವಾರ, ಒಂದು ಹಾಳೆಯ ಮೇಲೆ ತಾರೀಖು ಬೀಳಲಿಲ್ಲ.